ಪ್ರಿಎಂಪ್ಟ್ ಆರ್‌ಟಿ

ಪ್ರಿಎಂಪ್ಟ್ ಆರ್‌ಟಿ ಎಂಬುದು ಲಿನಕ್ಸ್ ಕರ್ನಲ್ ಅನ್ನು ನೈಜ ಸಮಯದ ಕಾರ್ಯಗಳಿಗೆ ಯೋಗ್ಯವಾಗಿಸುವ ಪ್ಯಾಚ್‌ಗಳ, ಅಂದರೆ ಕೋಡ್ ಬದಲಾವಣೆಗಳ, ಸಮೂಹ. 2004ರಲ್ಲಿ ಆರಂಭವಾದ ಈ ಕೆಲಸವು ಮುಖ್ಯ ಕರ್ನಲ್‌ನಲ್ಲಿ ಬಳಕೆಗೆ ದೊರೆಯುವಂತಾದದ್ದು 2024ರಲ್ಲಿ. ಮುಕ್ತ ತಂತ್ರಾಂಶದ ಕೋಡನ್ನು ಯಾರು ಬೇಕಾದರೂ ತಮಗಾಗಿ ಬದಲಿಸಿಕೊಳ್ಳಬಹುದು. ಆ ಬದಲಾವಣೆಯು ಮೂಲ ಯೋಜನೆಯ ಅಂಗೀಕಾರ ಪಡೆಯುವುದು ಬೇರೆಯೇ ಸಂಗತಿ. ಈ ಅಂತರವನ್ನು ದಾಟಲು ಪ್ರಿಎಂಪ್ಟ್ ಆರ್‌ಟಿಗೆ ಇಪ್ಪತ್ತು ವರ್ಷಗಳು ಬೇಕಾದವು.

ಉದ್ದೇಶ

ನೈಜ ಸಮಯದ ವ್ಯವಸ್ಥೆಯಲ್ಲಿ ವೇಗಕ್ಕಿಂತ ಸಮಯಪಾಲನೆ ಮುಖ್ಯ. ಕಾರ್ಖಾನೆಯ ಯಂತ್ರವನ್ನು ನಿಯಂತ್ರಿಸುವ ಗಣಕವು ಸರಾಸರಿಯಲ್ಲಿ ಚುರುಕಾಗಿದ್ದರೆ ಸಾಲದು. ಪ್ರತಿ ಬಾರಿಯೂ ನಿಗದಿತ ಅವಧಿಯೊಳಗೆ ಪ್ರತಿಕ್ರಿಯಿಸಬೇಕು. ಲಿನಕ್ಸ್ ಕರ್ನಲ್‌ನಲ್ಲಿ ಸ್ಪಿನ್‌ಲಾಕ್ ಎಂಬ ಬೀಗವನ್ನು ಹಿಡಿದಿರುವ ಕೆಲಸವನ್ನು ಸಾಮಾನ್ಯವಾಗಿ ನಡುವೆ ತಡೆಯಲಾಗುವುದಿಲ್ಲ. ಇದರಿಂದ ಹೆಚ್ಚು ತುರ್ತಿನ ಕೆಲಸವೂ ಕಾಯಬೇಕಾಗುತ್ತದೆ. ಪ್ರಿಎಂಪ್ಟ್ ಆರ್‌ಟಿಯು ಇಂತಹ ಬಹುಪಾಲು ಬೀಗಗಳನ್ನು ನಡುವೆ ತಡೆಯಬಹುದಾದ ಬೀಗಗಳನ್ನಾಗಿ ಮಾರ್ಪಡಿಸುತ್ತದೆ. ಇಂಟರಪ್ಟ್‌ಗಳ ನಿರ್ವಹಣೆಯನ್ನು ಪ್ರತ್ಯೇಕ ಥ್ರೆಡ್‌ಗಳಿಗೆ ವಹಿಸುತ್ತದೆ. ಬೀಗ ಹಿಡಿದ ಕೆಲಸಕ್ಕೆ, ಅದಕ್ಕಾಗಿ ಕಾಯುತ್ತಿರುವ ಕೆಲಸದ ಆದ್ಯತೆಯನ್ನು ತಾತ್ಕಾಲಿಕವಾಗಿ ನೀಡುವ ಏರ್ಪಾಡೂ ಇದರಲ್ಲಿದೆ.

ಅಂಗೀಕಾರದ ತೊಡಕುಗಳು

ಲಿನಕ್ಸ್ ಕರ್ನಲ್‌ನ ಪ್ರತಿಯೊಂದು ವಿಭಾಗಕ್ಕೂ ನಿರ್ವಾಹಕರಿರುತ್ತಾರೆ. ಪ್ಯಾಚ್ ಮೊದಲು ಅವರ ಮತ್ತು ಇತರ ಅಭಿವೃದ್ಧಿಕಾರರ ಪರಿಶೀಲನೆಗೆ ಒಳಪಡುತ್ತದೆ. ಆಕ್ಷೇಪಗಳಿದ್ದರೆ ತಿದ್ದಿ ಮತ್ತೆ ಕಳುಹಿಸಬೇಕು. ಒಪ್ಪಿತವಾದವು ನಿರ್ವಾಹಕರ ಮೂಲಕ ಲಿನಸ್ ಟೋರ್ವಾಲ್ಡ್ಸ್ ಅವರನ್ನು ತಲುಪುತ್ತವೆ. ಹೊಸ ಆವೃತ್ತಿಗೆ ಮುಖ್ಯ ಸೇರ್ಪಡೆಗಳು ನಡೆಯುವುದು ಸುಮಾರು ಎರಡು ವಾರಗಳ ಅವಧಿಯಲ್ಲಿ ಮಾತ್ರ.

ಪ್ರಿಎಂಪ್ಟ್ ಆರ್‌ಟಿಯು ಒಂದೇ ವಿಭಾಗಕ್ಕೆ ಸೀಮಿತವಾಗಿರಲಿಲ್ಲ. ಬೀಗಗಳ ಸ್ವಭಾವವೇ ಬದಲಾದಾಗ, ಅವುಗಳನ್ನು ನಂಬಿ ಬರೆದ ಕೋಡೆಲ್ಲವನ್ನೂ ಮರುಪರಿಶೀಲಿಸಬೇಕಾಗುತ್ತದೆ. ನೈಜ ಸಮಯದ ಅಗತ್ಯವಿಲ್ಲದ ಬಳಕೆದಾರರೇ ಬಹುಸಂಖ್ಯಾತರಾಗಿದ್ದುದರಿಂದ, ಕೆಲವರ ಅನುಕೂಲಕ್ಕಾಗಿ ಎಲ್ಲರ ಕೋಡ್ ಜಟಿಲವಾಗಬೇಕೇ ಎಂಬ ಪ್ರಶ್ನೆಯೂ ಇತ್ತು. ಹೊರಗೆ ಉಳಿದಿದ್ದರಿಂದಾದ ಹೊರೆಯೂ ಕಡಿಮೆಯದಲ್ಲ: ಮುಖ್ಯ ಕರ್ನಲ್ ಮುಂದುವರಿದಂತೆಲ್ಲ ಪ್ಯಾಚ್‌ಗಳನ್ನು ಅದಕ್ಕೆ ಮತ್ತೆ ಮತ್ತೆ ಹೊಂದಿಸಬೇಕಾಗಿತ್ತು.

ಹಂತ ಹಂತದ ಸೇರ್ಪಡೆ

ಇಂಗೋ ಮೋಲ್ನಾರ್, ಥಾಮಸ್ ಗ್ಲೈಕ್ಸ್‌ನರ್, ಸ್ಟೀವನ್ ರಾಸ್ಟೆಡ್ ಮೊದಲಾದವರು ಇಡೀ ಸಮೂಹವನ್ನು ಒಮ್ಮೆಗೇ ಒಪ್ಪಿಸುವ ಬದಲು, ಎಲ್ಲ ಬಳಕೆದಾರರಿಗೂ ಪ್ರಯೋಜನವಾಗುವ ಭಾಗಗಳನ್ನು ಬೇರ್ಪಡಿಸಿ ಮುಂದಿಟ್ಟರು. 2006ರಲ್ಲಿ ಬಂದ 2.6.16 ಆವೃತ್ತಿಗೆ ಮ್ಯೂಟೆಕ್ಸ್ ಎಂಬ ಬೀಗ ಹಾಗೂ ಸೂಕ್ಷ್ಮ ಕಾಲಮಾಪನದ ಟೈಮರ್‌ಗಳು ಸೇರಿದವು. ಅದೇ ವರ್ಷ 2.6.18ರಲ್ಲಿ ಬೀಗಗಳ ತಪ್ಪು ಬಳಕೆಯನ್ನು ಪತ್ತೆಹಚ್ಚುವ ಲಾಕ್‌ಡೆಪ್ ಬಂದಿತು. ಕರ್ನಲ್‌ನ ಒಳನಡೆಯನ್ನು ಗಮನಿಸುವ ಎಫ್‌ಟ್ರೇಸ್ 2008ರಲ್ಲಿಯೂ, ಥ್ರೆಡ್ ರೂಪದ ಇಂಟರಪ್ಟ್ ನಿರ್ವಹಣೆ 2009ರಲ್ಲಿಯೂ ಸೇರ್ಪಡೆಯಾದವು. ಹೀಗಾಗಿ ಪ್ರಿಎಂಪ್ಟ್ ಆರ್‌ಟಿ ಅಂಗೀಕಾರಕ್ಕಾಗಿ ಕಾಯುತ್ತಿದ್ದ ಕಾಲದಲ್ಲೇ ಅದರ ಫಲವನ್ನು ಸಾಮಾನ್ಯ ಲಿನಕ್ಸ್ ಬಳಕೆದಾರರೂ ಪಡೆಯುತ್ತಿದ್ದರು.

ಅನೇಕ ಉದ್ಯಮಗಳು ಈ ಪ್ಯಾಚ್‌ಗಳನ್ನು ಬಳಸುತ್ತಿದ್ದರೂ ನಿರ್ವಹಣೆಗೆ ಬೇಕಾದ ಹಣ ಒದಗಲಿಲ್ಲ. 2014ರ ವೇಳೆಗೆ ಕೆಲಸದ ಮುಂದುವರಿಕೆಯೇ ಸಂದೇಹಕ್ಕೆ ಒಳಗಾಯಿತು. 2015ರಲ್ಲಿ ಲಿನಕ್ಸ್ ಫೌಂಡೇಶನ್ ಇದಕ್ಕಾಗಿ ಸಹಯೋಗದ ಯೋಜನೆಯೊಂದನ್ನು ಸ್ಥಾಪಿಸಿದ ಬಳಿಕ ಕೆಲಸಕ್ಕೆ ಸ್ಥಿರವಾದ ಬೆಂಬಲ ದೊರೆಯಿತು. 2021ರಲ್ಲಿ ಬಿಡುಗಡೆಯಾದ 5.15 ಆವೃತ್ತಿಗೆ ಬೀಗಗಳ ಮೂಲಭೂತ ಬದಲಾವಣೆಗಳು ಸೇರಿದವು.

ಅಂತಿಮ ಹಂತ

ಕೊನೆಯ ದೊಡ್ಡ ಅಡ್ಡಿಯಾಗಿ ಉಳಿದದ್ದು ಪ್ರಿಂಟ್‌ಕೆ, ಅಂದರೆ ಕರ್ನಲ್ ತನ್ನ ಸಂದೇಶಗಳನ್ನು ಪ್ರಕಟಿಸುವ ವ್ಯವಸ್ಥೆ. ಸಂದೇಶವು ಕನ್ಸೋಲ್‌ಗೆ ತಲುಪುವವರೆಗೆ ಉಂಟಾಗುವ ವಿಳಂಬವು ಸಮಯಪಾಲನೆಗೆ ಧಕ್ಕೆ ತರುತ್ತಿತ್ತು. ಆದರೆ ಕರ್ನಲ್ ಕುಸಿಯುವಾಗ ಅದರ ಕೊನೆಯ ಸಂದೇಶವೇ ದೋಷ ಪತ್ತೆಗೆ ಆಧಾರವಾಗುವುದರಿಂದ, ಅದನ್ನು ಕಳೆದುಕೊಳ್ಳುವಂತಿರಲಿಲ್ಲ. ಈ ಎರಡೂ ಅಗತ್ಯಗಳನ್ನು ಹೊಂದಿಸುವ ಮರುರಚನೆಯಲ್ಲಿ ಜಾನ್ ಆಗ್ನೆಸ್ ಪ್ರಮುಖ ಪಾತ್ರ ವಹಿಸಿದರು. ಅದು ಹಲವು ವರ್ಷಗಳ ಪರಿಶೀಲನೆಗೆ ಒಳಪಟ್ಟಿತು.

2024ರ ಸೆಪ್ಟೆಂಬರ್‌ನಲ್ಲಿ ವಿಯೆನ್ನಾದಲ್ಲಿ ಗ್ಲೈಕ್ಸ್‌ನರ್ ಅವರು ಸೇರ್ಪಡೆಯ ಕೋರಿಕೆಯನ್ನು ಕಾಗದದಲ್ಲಿ ಮುದ್ರಿಸಿ, ಹೊಂಬಣ್ಣದ ಹೊದಿಕೆಯಲ್ಲಿ ಸುತ್ತಿ ಟೋರ್ವಾಲ್ಡ್ಸ್ ಅವರಿಗೆ ಒಪ್ಪಿಸಿದರು. ಅದೇ ವರ್ಷದ ನವೆಂಬರ್ 17ರಂದು ಬಿಡುಗಡೆಯಾದ 6.12 ಆವೃತ್ತಿಯಲ್ಲಿ ಪ್ರಿಎಂಪ್ಟ್ ಆರ್‌ಟಿಯು ಎಕ್ಸ್86, ಆರ್ಮ್64 ಮತ್ತು ರಿಸ್ಕ್-ವಿ ಸಂಸ್ಕಾರಕಗಳಿಗೆ ಆಯ್ಕೆಯಾಗಿ ಲಭ್ಯವಾಯಿತು. ಇದು ತಾನಾಗಿಯೇ ಜಾರಿಗೆ ಬರುವುದಿಲ್ಲ. ಕರ್ನಲ್ ಅನ್ನು ಸಿದ್ಧಪಡಿಸುವವರು ಇದನ್ನು ಆರಿಸಿಕೊಳ್ಳಬೇಕು. ಆ ಆವೃತ್ತಿಯ ವೇಳೆಗೆ ಇತರ ಕೆಲವು ಸಂಸ್ಕಾರಕಗಳಿಗೆ ಸಂಬಂಧಿಸಿದ ಪ್ಯಾಚ್‌ಗಳು ಇನ್ನೂ ಮುಖ್ಯ ಕರ್ನಲ್‌ನ ಹೊರಗೇ ಉಳಿದಿದ್ದವು.