ಟಿವಿ ರಿಮೋಟ್ ಒತ್ತಿದರೂ ಸ್ಪೀಕರಿನ ಸದ್ದು ಬದಲಾಗುವುದಿಲ್ಲವೇಕೆ?

ಸಂಜೆ ಧಾರಾವಾಹಿ ಶುರುವಾಗುತ್ತದೆ. ಅಜ್ಜಿ ಎಂದಿನಂತೆ ಟಿವಿ ರಿಮೋಟಿನ ವಾಲ್ಯೂಮ್ ಬಟನ್ ಒತ್ತುತ್ತಾರೆ. ಪರದೆಯ ಮೇಲೆ ಸಂಖ್ಯೆ 20ರಿಂದ 40ಕ್ಕೆ ಏರುತ್ತದೆ, ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಕಿವಿ ಸ್ವಲ್ಪ ಮಂದವಾಗಿರುವ ಅಜ್ಜಿಗೆ ಮಾತು ಚೆನ್ನಾಗಿ ಕೇಳಲಿ ಎಂದೇ ನಾವು ಸೌಂಡ್‌ಬಾರ್ ತಂದಿದ್ದು. ಅದರ ಸದ್ದು ಏರಿಸಲು ಇನ್ನೊಂದು ಪುಟ್ಟ ರಿಮೋಟ್ ಹುಡುಕಬೇಕು, ಅದರ ಮೇಲಿನ ಗುರುತುಗಳು ಅವರ ಕಣ್ಣಿಗೆ ಕಾಣುವುದಿಲ್ಲ. ನೋಡಲು ಬಂದ ರಿಪೇರಿಯವರು "ಟಿವಿಯ ಬೋರ್ಡ್ ಹೋಗಿದೆ, ಬದಲಾಯಿಸಬೇಕು" ಎಂದರು. ಬೋರ್ಡ್ ಸರಿಯಾಗಿಯೇ ಇತ್ತು.

ಹೊರಗಿನ ಸ್ಪೀಕರ್ ಟಿವಿ ರಿಮೋಟಿನ ಮಾತು ಕೇಳದಿದ್ದರೆ ಏನೋ ಕೆಟ್ಟಿದೆ ಎಂದುಕೊಳ್ಳುವುದು ಸಹಜ. ಬಹಳಷ್ಟು ಸಲ ಕೆಟ್ಟಿರುವುದು ಏನೂ ಇರುವುದಿಲ್ಲ. ಟಿವಿಯನ್ನೂ ಸ್ಪೀಕರನ್ನೂ ಯಾವ ಕೇಬಲಿನಿಂದ ಜೋಡಿಸಿದ್ದೇವೆ ಎನ್ನುವುದರ ಮೇಲೆ ವಾಲ್ಯೂಮ್ ಯಾರ ಕೈಯಲ್ಲಿದೆ ಎನ್ನುವುದು ನಿಂತಿದೆ.

ಟಿವಿಯ ಹೆಡ್‌ಫೋನ್ ಪಿನ್ನಿಗೆ ಸ್ಪೀಕರ್ ಜೋಡಿಸಿದ್ದರೆ ತೊಂದರೆಯೇ ಇಲ್ಲ. ಅಲ್ಲಿ ಟಿವಿಯೇ ಸದ್ದನ್ನು ಹೆಚ್ಚು ಕಡಿಮೆ ಮಾಡಿ ಹೊರಗೆ ಕಳಿಸುತ್ತದೆ. ಕೆಂಪು-ಬಿಳಿ ಪಿನ್ನುಗಳಿರುವ ಟಿವಿಗಳಲ್ಲಿ ಮಾತ್ರ ಒಮ್ಮೆ ಸೆಟ್ಟಿಂಗ್ಸ್ ನೋಡುವುದು ಒಳ್ಳೆಯದು. ಕೆಲವದರಲ್ಲಿ 'ಫಿಕ್ಸೆಡ್' ಮತ್ತು 'ವೇರಿಯಬಲ್' ಎಂಬ ಎರಡು ಆಯ್ಕೆಗಳಿರುತ್ತವೆ. ವೇರಿಯಬಲ್ ಎಂದಿದ್ದರೆ ಟಿವಿ ರಿಮೋಟ್ ನಡೆಯುತ್ತದೆ. ಫಿಕ್ಸೆಡ್ ಎಂದಿದ್ದರೆ ಸದ್ದು ಪೂರ್ತಿ ಪ್ರಮಾಣದಲ್ಲಿ ಹೊರಬರುತ್ತದೆ, ಹಾಗಾಗಿ ಸ್ಪೀಕರಿನ ವಾಲ್ಯೂಮ್ ತಗ್ಗಿಸಿಯೇ ಕೇಬಲ್ ಹಾಕಿ.

ಬೆಳಕಿನ ಕೇಬಲ್, ಮುಚ್ಚಿದ ಲಕೋಟೆ

ಗೊಂದಲವೆಲ್ಲ ಬರುವುದು ಆಪ್ಟಿಕಲ್ ಕೇಬಲಿನಿಂದ. ತುದಿಯಲ್ಲಿ ಕೆಂಪು ಬೆಳಕು ಕಾಣುವ ತೆಳು ಕಪ್ಪು ಕೇಬಲ್ ಇದು. ತೋಷಿಬಾ ಕಂಪನಿ 1983ರಲ್ಲಿ ಸಿಡಿ ಪ್ಲೇಯರುಗಳಿಗಾಗಿ ಇದನ್ನು ತಂದಿತು. ಇದರೊಳಗೆ ಹರಿಯುವುದು ವಿದ್ಯುತ್ತಲ್ಲ, ಬೆಳಕಿನ ಮಿನುಗುಗಳ ರೂಪದಲ್ಲಿರುವ ಅಂಕಿಗಳು. ಆ ಅಂಕಿಗಳನ್ನು ಸದ್ದಾಗಿಸುವುದು, ಎಷ್ಟು ಜೋರಾಗಿ ಎಂದು ತೀರ್ಮಾನಿಸುವುದು, ಎರಡೂ ಸ್ಪೀಕರಿನ ಕೆಲಸ ಎಂದುಕೊಂಡು ಹೆಚ್ಚಿನ ಟಿವಿಗಳು ವಾಲ್ಯೂಮನ್ನು ಮುಟ್ಟದೆ ಕಳಿಸುತ್ತವೆ.

ಡಾಲ್ಬಿ ಡಿಜಿಟಲ್ ಮಾದರಿಯ ಧ್ವನಿಯಾದರೆ ಟಿವಿ ಮನಸ್ಸು ಮಾಡಿದರೂ ಸುಲಭವಿಲ್ಲ. ಆರು ಚಾನೆಲ್‌ಗಳ ಸದ್ದನ್ನು ಒತ್ತಿ ಕಟ್ಟಿದ ಮುಚ್ಚಿದ ಲಕೋಟೆ ಅದು. ಒಡೆಯದೆ ಒಳಗಿನದನ್ನು ತಿದ್ದುವುದು ಅಂಚೆಯವರಿಗೂ ಸಾಧ್ಯವಿಲ್ಲ, ಟಿವಿಗೂ ಸಾಧ್ಯವಿಲ್ಲ. ಜೊತೆಗೆ ಈ ಕೇಬಲ್ ಒಮ್ಮುಖ ರಸ್ತೆ. ಅದರಲ್ಲಿ ಧ್ವನಿ ಹೋಗುತ್ತದೆ, 'ವಾಲ್ಯೂಮ್ ಹೆಚ್ಚಿಸು' ಎಂಬ ಆಜ್ಞೆ ಹೋಗುವುದಿಲ್ಲ.

ನಿಮ್ಮ ಸ್ಪೀಕರಿನಲ್ಲಿ ಆಪ್ಟಿಕಲ್ ಬಿಟ್ಟರೆ ಬೇರೆ ದಾರಿ ಇಲ್ಲದಿದ್ದರೂ ಒಂದು ಉಪಾಯವಿದೆ. ಬಹುತೇಕ ರಿಮೋಟುಗಳು ಮಾಡುವುದಿಷ್ಟೇ: ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ನಿಗದಿತ ಕ್ರಮದಲ್ಲಿ ಮಿನುಗಿಸುವುದು. ಅನೇಕ ಡಿಟಿಎಚ್ ರಿಮೋಟುಗಳಿಗೆ ಬೇರೆ ರಿಮೋಟಿನ ಮಿನುಗನ್ನು ಕಲಿಯುವ ಸೌಲಭ್ಯವಿದೆ. ಅದಕ್ಕೆ ಟಿವಿಯ ಬದಲು ಸೌಂಡ್‌ಬಾರಿನ ವಾಲ್ಯೂಮ್ ಬಟನ್‌ಗಳನ್ನು ಕಲಿಸಿಕೊಟ್ಟರೆ ಚಾನೆಲ್ಲೂ ಸದ್ದೂ ಒಂದೇ ರಿಮೋಟಿಗೆ ಬರುತ್ತವೆ. ಟಿವಿ ರಿಮೋಟಿನ ಸಂಕೇತವನ್ನು ತಾವೇ ಕಲಿಯುವ ಸೌಂಡ್‌ಬಾರುಗಳೂ ಇವೆ.

ಎಚ್‌ಡಿಎಂಐ ಇದ್ದರೆ

ಇದಕ್ಕಿಂತ ಸರಳ ದಾರಿ ಎಚ್‌ಡಿಎಂಐ ಕೇಬಲ್. 2009ರಲ್ಲಿ ಬಂದ ಎಚ್‌ಡಿಎಂಐ 1.4 ಆವೃತ್ತಿಯಲ್ಲಿ ಎಆರ್‌ಸಿ ಎಂಬ ಸೌಲಭ್ಯ ಸೇರಿತು. ಅಂದಿನಿಂದ ಧ್ವನಿ ಅದೇ ಕೇಬಲಿನಲ್ಲಿ ಟಿವಿಯಿಂದ ಸ್ಪೀಕರಿನ ಕಡೆಗೂ ಹರಿಯಬಲ್ಲದು. ಎಚ್‌ಡಿಎಂಐಯ 13ನೆಯ ಪಿನ್ ಇನ್ನೊಂದು ಕೆಲಸಕ್ಕೆ ಮೀಸಲು. ಸಿಇಸಿ ಎಂದು ಕರೆಯುವ ಆ ತಂತಿಯಲ್ಲಿ ಹೋಗುವುದು ಧ್ವನಿಯಲ್ಲ, ಆಜ್ಞೆ. ನೀವು ಟಿವಿ ರಿಮೋಟ್ ಒತ್ತಿದಾಗ ಟಿವಿ ತನ್ನ ಸದ್ದನ್ನು ಬದಲಿಸುವುದಿಲ್ಲ, 'ಬಟನ್ ಒತ್ತಿದ್ದಾರೆ, ನೀನು ಹೆಚ್ಚಿಸು' ಎಂದು ಸ್ಪೀಕರಿಗೆ ಹೇಳಿ ಸುಮ್ಮನಾಗುತ್ತದೆ.

ಜನ ಎಡವುವುದು ಎರಡು ಕಡೆ. ಟಿವಿಯ ಹಿಂದೆ ಮೂರ್ನಾಲ್ಕು ಎಚ್‌ಡಿಎಂಐ ಪೋರ್ಟುಗಳಿದ್ದರೂ ಸಾಮಾನ್ಯವಾಗಿ ಒಂದರ ಪಕ್ಕದಲ್ಲಿ ಮಾತ್ರ ಎಆರ್‌ಸಿ ಅಥವಾ ಇಎಆರ್‌ಸಿ ಎಂದು ಬರೆದಿರುತ್ತದೆ. ಕೇಬಲ್ ಅಲ್ಲಿಗೇ ಹೋಗಬೇಕು. ಎರಡನೆಯದು, ಸಿಇಸಿಯನ್ನು ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಬೇಕು. ಆದರೆ ಅಲ್ಲಿ ಆ ಹೆಸರು ಸಿಗದೇ ಇರಬಹುದು! ಸ್ಯಾಮ್‌ಸಂಗ್ ಅದನ್ನು ಎನಿನೆಟ್ ಪ್ಲಸ್ ಎನ್ನುತ್ತದೆ, ಎಲ್‌ಜಿ ಸಿಂಪ್ಲಿಂಕ್ ಎನ್ನುತ್ತದೆ, ಸೋನಿ ಬ್ರಾವಿಯಾ ಸಿಂಕ್ ಎನ್ನುತ್ತದೆ. ಒಂದೇ ಸೌಲಭ್ಯಕ್ಕೆ ಇಷ್ಟೊಂದು ನಾಮಕರಣ ಏಕೆ ಬೇಕಿತ್ತೋ. ಎಲ್ಲ ಸರಿಯಿದ್ದೂ ಕೆಲಸ ಮಾಡದಿದ್ದರೆ ಎರಡರ ಪ್ಲಗ್ಗನ್ನೂ ಗೋಡೆಯಿಂದ ಕಿತ್ತು ಒಂದೆರಡು ನಿಮಿಷ ಬಿಟ್ಟು ಹಾಕಿ ನೋಡಿ.

ಬ್ಲೂಟೂತ್‌ನಲ್ಲೂ ಇಂತಹ ಆಜ್ಞೆಗೆ ಅವಕಾಶವಿದೆ. ಟಿವಿ ಮತ್ತು ಸ್ಪೀಕರ್ ಎರಡಕ್ಕೂ ಅದು ಗೊತ್ತಿದ್ದರೆ ವಾಲ್ಯೂಮ್ ಒಂದೇ ಆಗುತ್ತದೆ, ಗೊತ್ತಿಲ್ಲದಿದ್ದರೆ ಎರಡು ಕಡೆ ಎರಡು ವಾಲ್ಯೂಮ್ ಇರುತ್ತವೆ.

ಹಾಗೆ ಎರಡು ಮೂರು ವಾಲ್ಯೂಮ್‌ಗಳು ಸಾಲಾಗಿ ಇರುವುದು ನಮ್ಮ ಮನೆಗಳಲ್ಲಿ ಸಾಮಾನ್ಯ, ಏಕೆಂದರೆ ಸೆಟ್‌ಟಾಪ್ ಬಾಕ್ಸಿಗೂ ಒಂದು ಇರುತ್ತದೆ. ಬಾಕ್ಸಿನಲ್ಲಿ ತೀರಾ ತಗ್ಗಿಸಿ ಸ್ಪೀಕರಿನಲ್ಲಿ ಏರಿಸಿದರೆ ಮಾತಿನ ಜೊತೆ 'ಸೊಯ್' ಎನ್ನುವ ಗದ್ದಲವೂ ದೊಡ್ಡದಾಗುತ್ತದೆ. ಬಾಕ್ಸಿನದನ್ನು ಹೆಚ್ಚುಕಡಿಮೆ ಪೂರ್ತಿ ಇಟ್ಟು ಕೊನೆಯಲ್ಲಿರುವ ಸ್ಪೀಕರಿನಲ್ಲಿ ಹೊಂದಿಸುವುದು ಒಳ್ಳೆಯದು.

ಸದ್ದು ಹೆಚ್ಚಾದರೆ ಮಾತು ತಿಳಿಯುತ್ತದೆಯೇ?

ರಿಮೋಟ್ ಸರಿಯಾದ ಮೇಲೂ ಅಜ್ಜಿ ವಾಲ್ಯೂಮ್ ಏರಿಸುತ್ತಲೇ ಇದ್ದರು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೀಕ್ಷ್ಣ ಸ್ವರಗಳನ್ನು. 'ಅ', 'ಓ' ಮುಂತಾದ ಸ್ವರಾಕ್ಷರಗಳು ತಗ್ಗಿನ, ಬಲವಾದ ಸದ್ದುಗಳು. ಪದವನ್ನು ಪದದಿಂದ ಬೇರೆ ಮಾಡುವ 'ಸ್', 'ಶ್', 'ತ್' ಮುಂತಾದವು ಮೆಲು, ತೀಕ್ಷ್ಣ. ಆದ್ದರಿಂದಲೇ ಹಿರಿಯರು "ಕೇಳಿಸುತ್ತೆ, ಆದರೆ ಏನಂದರೋ ತಿಳಿಯಲ್ಲ" ಎನ್ನುತ್ತಾರೆ. ವಾಲ್ಯೂಮ್ ಏರಿಸಿದರೆ ಡೋಲಿನ ಬಡಿತವೂ ಏರುತ್ತದೆ, ಮಾತು ಮತ್ತೆ ಮುಳುಗುತ್ತದೆ. ಬಾಸ್ ತಗ್ಗಿಸಿ, ಸೌಂಡ್‌ಬಾರಿನಲ್ಲಿ 'ವಾಯ್ಸ್' ಅಥವಾ 'ಡೈಲಾಗ್' ಮೋಡ್ ಇದ್ದರೆ ಅದನ್ನು ಹಾಕಿ. ಸ್ಪೀಕರುಗಳು ಎರಡೇ ಇದ್ದು ಸಿನಿಮಾದ ಮಾತು ಸಣ್ಣಗೆ ಕೇಳುತ್ತಿದ್ದರೆ ಟಿವಿಯ ಡಿಜಿಟಲ್ ಔಟ್‌ಪುಟ್ಟನ್ನು ಪಿಸಿಎಂಗೆ ಬದಲಿಸಿ ನೋಡಬಹುದು. ಆದರೂ ತಿಳಿಯದಿದ್ದರೆ ಶ್ರವಣ ಪರೀಕ್ಷೆ ಮಾಡಿಸಿ.

ಇನ್ನೊಂದು ತಪ್ಪು ಕಲ್ಪನೆ, ಪರದೆಯ ಮೇಲಿನ 40 ಎಂದರೆ 40 ಡೆಸಿಬಲ್ ಎನ್ನುವುದು. ಅದು ಆ ಟಿವಿಯ ಮೆಟ್ಟಿಲಿನ ಲೆಕ್ಕವಷ್ಟೇ. ಒಂದು ಟಿವಿಯ 40 ಇನ್ನೊಂದರ 15ಕ್ಕೆ ಸಮವಾಗಬಹುದು. ಹೆಡ್‌ಫೋನ್ ಮತ್ತಿತರ ಸಾಧನಗಳಲ್ಲಿ ಕೇಳುವ ದೊಡ್ಡವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಾರಕ್ಕೆ 40 ಗಂಟೆ 80 ಡೆಸಿಬಲ್, ಮಕ್ಕಳಿಗೆ 75. ಪ್ರತಿ 3 ಡೆಸಿಬಲ್ ಏರಿದಾಗಲೂ ಸುರಕ್ಷಿತ ಸಮಯ ಅರ್ಧವಾಗುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10. ಅಜ್ಜಿಗೆ ಹದವಾದ ಸದ್ದು ಪಕ್ಕದಲ್ಲೇ ಕೂತ ಮೊಮ್ಮಗುವಿಗೆ ಹೆಚ್ಚಾಗಬಹುದು. ಫೋನಿನ ಡೆಸಿಬಲ್ ಆಪ್‌ಗಳ ಲೆಕ್ಕ ನಿಖರವಲ್ಲ, ಆದರೂ ಅಂದಾಜಿಗೆ ಸಾಕು.

ನಮ್ಮ ಮನೆಯಲ್ಲಿ ಆಗಿದ್ದು ಇಷ್ಟೇ: ಆಪ್ಟಿಕಲ್ ಕೇಬಲ್ ತೆಗೆದು ಎಚ್‌ಡಿಎಂಐ ಹಾಕಿದೆವು, ಸಬ್‌ವೂಫರ್ ತಗ್ಗಿಸಿದೆವು. ಪುಟ್ಟ ರಿಮೋಟ್ ಈಗ ಶೋಕೇಸಿನಲ್ಲಿದೆ, ಅಜ್ಜಿಯ ವಾಲ್ಯೂಮ್ 18ರ ಆಸುಪಾಸಿನಲ್ಲಿ.