ಜಾನ್ ಮೆಕ್‌ಲಾಫ್ಲಿನ್ ಅವರ ಧ್ವನಿಮುದ್ರಿಕೆಗಳು

ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ (ಜನನ: 1942ರ ಜನವರಿ 4, ಡಾಂಕಾಸ್ಟರ್) 1969ರಿಂದ ಹೊರತಂದ ಧ್ವನಿಮುದ್ರಿಕೆಗಳಲ್ಲಿ ಜಾಝ್ ಫ್ಯೂಷನ್ ಎಂಬ ಪ್ರಕಾರದ ಹುಟ್ಟು, ಏಳಿಗೆ, ತಿರುವುಗಳೆಲ್ಲ ದಾಖಲಾಗಿವೆ. ಜಾಝ್‌ನ ಮನೋಧರ್ಮಕ್ಕೆ ರಾಕ್ ಸಂಗೀತದ ವಿದ್ಯುತ್ ನಾದವನ್ನು ಕೂಡಿಸಿದ ಮೊದಲಿಗರಲ್ಲಿ ಅವರೊಬ್ಬರು. ಆ ಸಂಗೀತಕ್ಕೆ ಕರ್ನಾಟಕ ಸಂಗೀತದ ತಾಳದ ಲೆಕ್ಕಾಚಾರವನ್ನು ತರುವುದರಲ್ಲಂತೂ ಅವರಷ್ಟು ದೂರ ನಡೆದ ಪಾಶ್ಚಾತ್ಯ ಗಿಟಾರ್ ವಾದಕ ಇನ್ನೊಬ್ಬರಿಲ್ಲ. ಅವರ ಬೆರಳುಗಳ ವೇಗದ ಬಗ್ಗೆ ಬಹಳಷ್ಟು ಜನ ಬರೆದಿದ್ದಾರೆ. ಮುದ್ರಿಕೆಗಳನ್ನು ಬಂದ ಕ್ರಮದಲ್ಲೇ ಕೇಳುತ್ತ ಹೋದವರಿಗೆ ಮಾತ್ರ ಎಲ್ಲವನ್ನೂ ಪೋಣಿಸಿರುವ ಎಳೆ ಲಯವೆಂಬುದು ಗೊತ್ತಾಗುತ್ತದೆ.

ಲಂಡನ್, ನ್ಯೂಯಾರ್ಕ್, ಮೈಲ್ಸ್

ತಾಯಿ ಪಿಟೀಲು ನುಡಿಸುತ್ತಿದ್ದ ಮನೆಯಲ್ಲಿ ಬೆಳೆದ ಮೆಕ್‌ಲಾಫ್ಲಿನ್ ಹನ್ನೊಂದರ ವಯಸ್ಸಿನಲ್ಲಿ ಗಿಟಾರ್ ಹಿಡಿದರು. 1960ರ ದಶಕದ ಲಂಡನ್ನಿನಲ್ಲಿ ಜಾರ್ಜಿ ಫೇಮ್, ಗ್ರಹಾಂ ಬಾಂಡ್ ಮೊದಲಾದವರ ತಂಡಗಳಲ್ಲಿ ನುಡಿಸಿದರು. ಹೊಟ್ಟೆಪಾಡಿಗೆ ಸ್ಟುಡಿಯೋಗಳಲ್ಲಿ ಯಾರ್ಯಾರದೋ ಹಾಡುಗಳಿಗೂ ಗಿಟಾರ್ ಹಿಡಿದರು. ಅವರ ಹೆಸರಿನ ಮೊದಲ ಆಲ್ಬಮ್ 'ಎಕ್ಸ್‌ಟ್ರಾಪೊಲೇಷನ್' 1969ರ ಜನವರಿಯಲ್ಲಿ ಲಂಡನ್ನಿನಲ್ಲಿ ಮುದ್ರಣವಾಯಿತು. ಸ್ಯಾಕ್ಸೊಫೋನಿನಲ್ಲಿ ಜಾನ್ ಸರ್ಮನ್, ಡ್ರಮ್ಸ್‌ನಲ್ಲಿ ಟೋನಿ ಆಕ್ಸ್‌ಲಿ, ಬಾಸ್‌ನಲ್ಲಿ ಬ್ರಯಾನ್ ಓಡ್ಜರ್ಸ್. ಒಂದು ರಚನೆ ಮುಗಿಯುವ ಮೊದಲೇ ಇನ್ನೊಂದು ಶುರುವಾಗುವ, ತಾಳಗಳು ಸಲೀಸಾಗಿ ಬದಲಾಗುವ ಈ ಮುದ್ರಿಕೆ ಐವತ್ತು ವರ್ಷಗಳ ಮೇಲೂ ಹಳತಾಗಿಲ್ಲ. ಆಮೇಲಿನ ಅಬ್ಬರದಲ್ಲಿ ಇದನ್ನು ಮರೆತವರೇ ಹೆಚ್ಚು, ಅದು ಅನ್ಯಾಯ.

ಮರು ತಿಂಗಳೇ, ಡ್ರಮ್ಸ್ ವಾದಕ ಟೋನಿ ವಿಲಿಯಮ್ಸ್ ಕರೆದರೆಂದು ಅವರು ನ್ಯೂಯಾರ್ಕಿಗೆ ಹೋದರು. ಅಲ್ಲಿಗೆ ಕಾಲಿಟ್ಟ ಕೆಲವೇ ದಿನಗಳಲ್ಲಿ, ಫೆಬ್ರವರಿ 18ರಂದು, ತುತ್ತೂರಿ ವಾದಕ ಮೈಲ್ಸ್ ಡೇವಿಸ್ ಅವರ 'ಇನ್ ಎ ಸೈಲೆಂಟ್ ವೇ' ಧ್ವನಿಮುದ್ರಣದಲ್ಲಿ ಕೂತಿದ್ದರು. ಜೋ ಝಾವಿನುಲ್ ಬರೆದಿದ್ದ ಶೀರ್ಷಿಕೆ ರಚನೆಯಲ್ಲಿ ಸಾಕಷ್ಟು ಕಾರ್ಡ್‌ಗಳಿದ್ದವು. ಮೈಲ್ಸ್ ಅವನ್ನೆಲ್ಲ ಕಿತ್ತುಹಾಕಿ, ಗಿಟಾರ್ ಬಾರದವನಂತೆ ನುಡಿಸು ಎಂದು ಈ ಹೊಸಬರಿಗೆ ಹೇಳಿದರೆಂಬುದು ಪ್ರಸಿದ್ಧ ಪ್ರಸಂಗ. ಮೆಕ್‌ಲಾಫ್ಲಿನ್ ಅವರು, ಕಲಿಯಲು ಹೊರಟವನು ಮೊದಲ ದಿನ ಹಿಡಿಯುವ ಇ ಕಾರ್ಡನ್ನೇ ಹಿಡಿದು, ಒಂದೊಂದೇ ಸ್ವರವನ್ನು ಬಿಡಿಸಿದರು. ಹಿಂದೆ ತಂಬೂರಿಯ ಶ್ರುತಿಯಂತೆ ಒಂದೇ ಸ್ವರ ನಿಂತಿದೆ. ಸಂಪಾದಕ ಟಿಯೊ ಮ್ಯಾಸಿರೊ ಟೇಪನ್ನು ಕತ್ತರಿಸಿ ಆ ತುಣುಕನ್ನೇ ಎರಡನೇ ಬದಿಯ ಆರಂಭಕ್ಕೂ ಕೊನೆಗೂ ಅಂಟಿಸಿದರು.

ಅದೇ ವರ್ಷದ ಆಗಸ್ಟ್‌ನಲ್ಲಿ ಮುದ್ರಿಸಿ 1970ರಲ್ಲಿ ಬಿಡುಗಡೆ ಮಾಡಿದ 'ಬಿಚಸ್ ಬ್ರೂ'ನಲ್ಲಿ ಒಂದು ರಚನೆಗೆ 'ಜಾನ್ ಮೆಕ್‌ಲಾಫ್ಲಿನ್' ಎಂದೇ ಹೆಸರು. ಆದರೆ ಮೈಲ್ಸ್ ಜೊತೆಗಿನ ಅವರ ಕೆಲಸದಲ್ಲಿ ಶ್ರೇಷ್ಠವಾದದ್ದು 'ಜ್ಯಾಕ್ ಜಾನ್ಸನ್' ಆಲ್ಬಮ್ಮಿನ ಮೊದಲ ಭಾಗ 'ರೈಟ್ ಆಫ್'. 1970ರ ಏಪ್ರಿಲ್ 7ರಂದು ಸ್ಟುಡಿಯೋದಲ್ಲಿ ಎಲ್ಲರೂ ಕಾಯುತ್ತ ಕೂತಿದ್ದಾಗ ಮೆಕ್‌ಲಾಫ್ಲಿನ್ ಬೇಸರ ಕಳೆಯಲು ಒಂದು ಬೂಗಿ ನಡೆಯನ್ನು ಎತ್ತಿಕೊಂಡರು. ಬಿಲ್ಲಿ ಕಾಬಮ್ ಡ್ರಮ್ಸ್ ಹಿಡಿದರು, ಮೈಕಲ್ ಹೆಂಡರ್ಸನ್ ಬಾಸ್ ಕೂಡಿಸಿದರು. ಎರಡು ನಿಮಿಷ ಕಳೆದ ಮೇಲೆ ಗಿಟಾರ್ ಇ ಬಿಟ್ಟು ಬಿ ಫ್ಲಾಟ್‌ಗೆ ಜಾರುತ್ತದೆ, ಬಾಸ್ ಮಾತ್ರ ಇ ಮೇಲೆಯೇ ನಿಂತಿದೆ. ಬೇರೆ ಯಾರಾದರೂ ತಪ್ಪಾಯಿತೆಂದು ನಿಲ್ಲಿಸುತ್ತಿದ್ದರು. ಮೈಲ್ಸ್ ತುತ್ತೂರಿ ಹಿಡಿದು ಒಳಗೆ ನುಗ್ಗಿದ್ದು ಸರಿಯಾಗಿ ಆ ತಿಕ್ಕಾಟದ ನಡುವೆ. ಸುಮಾರು 27 ನಿಮಿಷಗಳ ಈ ಮುದ್ರಿಕೆಯಷ್ಟು ನಿರಾಳವಾಗಿ ರಾಕ್ ನುಡಿಸಿದ ಜಾಝ್ ತಂಡ ಇನ್ನೊಂದಿಲ್ಲ.

ಟೋನಿ ವಿಲಿಯಮ್ಸ್ ಅವರ 'ಲೈಫ್‌ಟೈಮ್' ತಂಡದೊಂದಿಗೆ 'ಎಮರ್ಜೆನ್ಸಿ' (1969) ಮತ್ತು 'ಟರ್ನ್ ಇಟ್ ಓವರ್' (1970) ಬಂದವು. ಆರ್ಗನ್‌ನಲ್ಲಿ ಲ್ಯಾರಿ ಯಂಗ್. ಮುದ್ರಣದ ಗುಣಮಟ್ಟ ಕೆಟ್ಟದಾಗಿದ್ದರೂ ಆ ಕಚ್ಚಾ ಆವೇಶ ಇಂದಿಗೂ ಕಿವಿಗೆ ರಾಚುತ್ತದೆ. 1970ರ 'ಡಿವೋಷನ್' ಸ್ವತಃ ಮೆಕ್‌ಲಾಫ್ಲಿನ್ ಅವರಿಗೇ ತೃಪ್ತಿ ಕೊಡಲಿಲ್ಲ. ಧ್ವನಿಗಳನ್ನು ಹೊಂದಿಸಿದ ರೀತಿಗೆ ಅವರ ಆಕ್ಷೇಪವಿತ್ತು. 1971ರ 'ಮೈ ಗೋಲ್ಸ್ ಬಿಯಾಂಡ್' ಇನ್ನೊಂದೇ ಲೋಕ. ಒಂದು ಬದಿಯಲ್ಲಿ ವಿದ್ಯುತ್ತಿನ ಹಂಗಿಲ್ಲದ ಗಿಟಾರ್ ಒಂದೇ. ಮತ್ತೊಂದು ಬದಿಯಲ್ಲಿ ಬಾದಲ್ ರಾಯ್ ಅವರ ತಬಲಾ, ತಂಬೂರಿ, ಪಿಟೀಲು, ಸ್ಯಾಕ್ಸೊಫೋನ್ ಎಲ್ಲ ಕೂಡಿದ ಎರಡು ದೀರ್ಘ ರಚನೆಗಳು. ಮುಂದೆ ಬರಲಿದ್ದ ಶಕ್ತಿ ತಂಡದ ಬೀಜ ಇಲ್ಲಿದೆ.

ಮಹಾವಿಷ್ಣು

ಆ ಹೊತ್ತಿಗೆ ಅವರು ಬಂಗಾಳಿ ಮೂಲದ ಆಧ್ಯಾತ್ಮಿಕ ಗುರು ಶ್ರೀ ಚಿನ್ಮಯ್ ಅವರ ಶಿಷ್ಯರಾಗಿದ್ದರು. ಗುರು ಕೊಟ್ಟ ಹೆಸರು ಮಹಾವಿಷ್ಣು. 1971ರಲ್ಲಿ ಕಟ್ಟಿದ ತಂಡಕ್ಕೂ ಅದೇ ಹೆಸರಾಯಿತು. ಪನಾಮಾದಲ್ಲಿ ಹುಟ್ಟಿದ ಬಿಲ್ಲಿ ಕಾಬಮ್, ಜೆಕೊಸ್ಲೊವಾಕಿಯಾದ ಯಾನ್ ಹಾಮರ್ (ಕೀಬೋರ್ಡ್), ಅಮೆರಿಕದ ಜೆರಿ ಗುಡ್‌ಮನ್ (ಪಿಟೀಲು), ಐರ್ಲೆಂಡಿನ ರಿಕ್ ಲೇರ್ಡ್ (ಬಾಸ್) ಮತ್ತು ಯಾರ್ಕ್‌ಶೈರಿನ ಮೆಕ್‌ಲಾಫ್ಲಿನ್: ಐವರಿಗೂ ಸಾಮಾನ್ಯವಾಗಿದ್ದದ್ದು ಅಭ್ಯಾಸದ ಹಟ. 'ದಿ ಇನ್ನರ್ ಮೌಂಟಿಂಗ್ ಫ್ಲೇಮ್' (1971) ಬಂದಾಗ ಗಿಟಾರ್ ಕಲಿಯುತ್ತಿದ್ದವರು ಬೆಚ್ಚಿಬಿದ್ದರು. ಅದರಲ್ಲಿನ 'ದಿ ಡ್ಯಾನ್ಸ್ ಆಫ್ ಮಾಯಾ' ಗಮನವಿಟ್ಟು ಕೇಳಬೇಕಾದ ರಚನೆ. ಹತ್ತು ಎಣಿಕೆಯ ಆವರ್ತದಲ್ಲಿ ಕಾರ್ಡ್‌ಗಳನ್ನು ನಿಧಾನವಾಗಿ ಬಿಡಿಸುತ್ತ ಶುರುವಾಗುತ್ತದೆ. ನಡುವೆ ಇದ್ದಕ್ಕಿದ್ದಂತೆ ಇಪ್ಪತ್ತು ಎಣಿಕೆಯ ಬ್ಲೂಸ್ ಬರುತ್ತದೆ. ಕೊನೆಯಲ್ಲಿ ಎರಡೂ ಒಂದರ ಮೇಲೊಂದು ಕೂರುತ್ತವೆ, ಲೆಕ್ಕ ಒಂದಿಷ್ಟೂ ತಪ್ಪುವುದಿಲ್ಲ. ತನಿ ಆವರ್ತನವನ್ನು ಕೈಯಲ್ಲಿ ತಾಳ ಹಾಕಿಕೊಂಡು ಕೇಳಿ ರೂಢಿಯಿದ್ದವರಿಗೆ ಇಲ್ಲಿ ಸಿಗುವ ಸುಖ ಪರಿಚಿತವಾದದ್ದೇ.

'ಬರ್ಡ್ಸ್ ಆಫ್ ಫೈರ್' (1973) ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 15ನೇ ಸ್ಥಾನಕ್ಕೇರಿತು. ಹದಿನೆಂಟು ಎಣಿಕೆಯ ಶೀರ್ಷಿಕೆ ರಚನೆಯುಳ್ಳ, ಹಾಡೇ ಇಲ್ಲದ ಆಲ್ಬಮ್ ಒಂದು ಜನಪ್ರಿಯ ಪಟ್ಟಿಯಲ್ಲಿ ಅಷ್ಟು ಮೇಲೆ ಹೋದದ್ದು ಆ ಕಾಲದ ಕೇಳುಗರ ಹಿರಿಮೆಯೂ ಹೌದು. ಅದೇ ವರ್ಷ ಇನ್ನೊಬ್ಬ ಚಿನ್ಮಯ್ ಶಿಷ್ಯ ಕಾರ್ಲೋಸ್ ಸಂತಾನಾ ಜೊತೆ, ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ರಚನೆಗಳನ್ನು ನಡುವೆ ಇಟ್ಟುಕೊಂಡು 'ಲವ್ ಡಿವೋಷನ್ ಸರೆಂಡರ್' ಬಂತು. ತಂಡದೊಳಗೆ ಮಾತ್ರ ರಚನೆಗಳ ಶ್ರೇಯಸ್ಸು ಯಾರಿಗೆ ಎಂಬ ವಿಷಯದಲ್ಲಿ ಜಗಳ ಹತ್ತಿತ್ತು. 1973ರ ಜೂನ್‌ನಲ್ಲಿ ಲಂಡನ್ನಿನ ಟ್ರೈಡೆಂಟ್ ಸ್ಟುಡಿಯೋದಲ್ಲಿ ಮುದ್ರಿಸಿದ ಮೂರನೇ ಆಲ್ಬಮ್ ಕಪಾಟು ಸೇರಿತು. ಅದರ ಬದಲು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಕಛೇರಿಯ ಮುದ್ರಿಕೆ ಹೊರಬಂತು. ಕಪಾಟಿನ ಟೇಪುಗಳು 'ದಿ ಲಾಸ್ಟ್ ಟ್ರೈಡೆಂಟ್ ಸೆಷನ್ಸ್' ಎಂಬ ಹೆಸರಲ್ಲಿ ಬೆಳಕು ಕಂಡದ್ದು 1999ರಲ್ಲಿ.

ಮೊದಲ ಐವರು ಚದುರಿದ ಮೇಲೆ ಅದೇ ಹೆಸರಲ್ಲಿ ಕಟ್ಟಿದ ಎರಡನೇ ತಂಡದ 'ಅಪೊಕ್ಯಾಲಿಪ್ಸ್' (1974) ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆಗಿನ ಪ್ರಯತ್ನ. ಬೀಟಲ್ಸ್ ಮುದ್ರಿಕೆಗಳ ಜಾರ್ಜ್ ಮಾರ್ಟಿನ್ ನಿರ್ಮಾಪಕರು, ಮೈಕಲ್ ಟಿಲ್ಸನ್ ಥಾಮಸ್ ನಿರ್ದೇಶಕರು. ಫ್ರಾನ್ಸಿನ ಪಿಟೀಲು ವಾದಕ ಜಾನ್-ಲುಕ್ ಪಾಂಟಿ ಇದರಲ್ಲೂ 1975ರ 'ವಿಷನ್ಸ್ ಆಫ್ ದಿ ಎಮರಾಲ್ಡ್ ಬಿಯಾಂಡ್'ನಲ್ಲೂ ಇದ್ದಾರೆ. ಮೊದಲ ಐವರ ಕಾವು ಇವುಗಳಲ್ಲಿ ಇಲ್ಲ.

ಶಕ್ತಿ

ಮಹಾವಿಷ್ಣುವಿನ ಕಿವಿಗಡಚಿಕ್ಕುವ ಸದ್ದಿನ ನಡುವೆಯೇ ಮೆಕ್‌ಲಾಫ್ಲಿನ್ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿಯಲು ಕೂತಿದ್ದರು. ಜಗತ್ತಿನ ದೊಡ್ಡ ವೇದಿಕೆಗಳಲ್ಲಿ ಹೆಸರು ಮಾಡಿದ ಮೇಲೆ ವಿದ್ಯಾರ್ಥಿಯಾಗಿ ನೆಲದ ಮೇಲೆ ಕೂರುವ ಈ ವಿನಯ ಅವರ ಮುಂದಿನ ಮುದ್ರಿಕೆಗಳಲ್ಲೆಲ್ಲ ಕೇಳಿಸುತ್ತದೆ. ಪಿಟೀಲಿನ ಎಲ್. ಶಂಕರ್, ತಬಲಾದ ಜಾಕಿರ್ ಹುಸೇನ್, ಘಟದ ಟಿ.ಎಚ್. ವಿನಾಯಕರಾಮ್, ಮೃದಂಗದ ರಾಮನಾಡ್ ರಾಘವನ್ ಸೇರಿ ಶಕ್ತಿ ತಂಡವಾಯಿತು. ಹಿಂದುಸ್ತಾನಿ ತಬಲಾ ಮತ್ತು ಕರ್ನಾಟಕ ಘಟ ಒಂದೇ ಚಾಪೆಯ ಮೇಲೆ ಸಮಸಮ ಕೂತದ್ದು ಭಾರತದ ಕೇಳುಗರಿಗೂ ಹೊಸತಾಗಿತ್ತು.

ಮೊದಲ ಆಲ್ಬಮ್ 'ಶಕ್ತಿ ವಿತ್ ಜಾನ್ ಮೆಕ್‌ಲಾಫ್ಲಿನ್' 1975ರ ಜುಲೈ 5ರಂದು ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನ ಸೌತ್‌ಹ್ಯಾಂಪ್ಟನ್ ಕಾಲೇಜಿನಲ್ಲಿ ನಡೆದ ಕಛೇರಿಯ ಮುದ್ರಿಕೆ, 1976ರಲ್ಲಿ ಬಿಡುಗಡೆಯಾಯಿತು. ಆರಂಭದ 'ಜಾಯ್' 18 ನಿಮಿಷಗಳದು. ಗಿಟಾರ್ ಮತ್ತು ಪಿಟೀಲು ಒಂದೇ ಉಸಿರಿನಲ್ಲಿ ಸಾಹಿತ್ಯವಿಲ್ಲದ ಪಲ್ಲವಿಯಂಥದ್ದನ್ನು ನುಡಿಸಿ, ಬೇರೆಯಾಗಿ, ಪ್ರಶ್ನೋತ್ತರಕ್ಕೆ ಇಳಿಯುತ್ತವೆ. ಪ್ರಶ್ನೆಗಳು ಮೊದಲು ಉದ್ದವಾಗಿರುತ್ತವೆ, ಆಮೇಲೆ ಅರ್ಧ, ಆಮೇಲೆ ಅದರರ್ಧ. ಕಡೆಗೆ ಯಾರು ಕೇಳಿದರು, ಯಾರು ಹೇಳಿದರು ಎಂಬುದೇ ತಿಳಿಯದಷ್ಟು ಒತ್ತೊತ್ತಾಗಿ ಎಲ್ಲರೂ ಒಂದೇ ಸಮಕ್ಕೆ ಬಂದು ನಿಲ್ಲುತ್ತಾರೆ. ಕೇಳುಗರ ಕೂಗು ಸಹ ತಾಳಕ್ಕೆ ಸರಿಯಾಗಿ ಬೀಳುತ್ತದೆ. ಎರಡನೇ ಬದಿ ಪೂರ್ತಿ 29 ನಿಮಿಷಗಳ ಒಂದೇ ರಚನೆ. 'ಎ ಹ್ಯಾಂಡ್‌ಫುಲ್ ಆಫ್ ಬ್ಯೂಟಿ' (1976) ಮತ್ತು 'ನ್ಯಾಚುರಲ್ ಎಲಿಮೆಂಟ್ಸ್' (1977) ಸ್ಟುಡಿಯೋ ಮುದ್ರಿಕೆಗಳು, ರಾಘವನ್ ಇಲ್ಲದ ನಾಲ್ವರ ತಂಡದವು. ಮೊದಲನೆಯದು ಸಂಯಮದಿಂದ ಕಟ್ಟಿದ ಆಲ್ಬಮ್. ಅದರಲ್ಲಿನ 'ಇಂಡಿಯಾ' ಆಲಾಪನೆಯ ನಿಧಾನವನ್ನು ನಿಜಕ್ಕೂ ಅರಗಿಸಿಕೊಂಡಿದೆ.

ಈ ಕಾಲದಲ್ಲಿ ಅವರ ವಾದ್ಯವೂ ಬದಲಾಯಿತು. ಮಹಾವಿಷ್ಣುವಿನ ಎರಡು ಕುತ್ತಿಗೆಯ ಗಿಟಾರ್ ಹೋಗಿ, ಗಿಬ್ಸನ್ ಕಂಪನಿಯಲ್ಲಿದ್ದ ಏಬ್ರಹಾಂ ವೆಕ್ಟರ್ ವಿಶೇಷವಾಗಿ ಮಾಡಿಕೊಟ್ಟ ಮರದ ಗಿಟಾರ್ ಬಂತು. ಮೆಟ್ಟಿಲುಗಳ ನಡುವಿನ ಮರವನ್ನು ಹಳ್ಳವಾಗುವಂತೆ ಕೆತ್ತಿದ್ದರಿಂದ, ವೀಣೆಯಲ್ಲಿ ಮಾಡುವಂತೆ ತಂತಿಯನ್ನು ಒತ್ತಿ ಎಳೆದು ಗಮಕ ನುಡಿಸಲು ಸಾಧ್ಯವಾಯಿತು. ಆರು ಮುಖ್ಯ ತಂತಿಗಳ ಅಡಿಯಲ್ಲಿ ಓರೆಯಾಗಿ ಹಾದುಹೋಗುವ ಏಳು ತಂತಿಗಳು ಶ್ರುತಿ ಹಿಡಿಯುತ್ತಿದ್ದವು. ಅವರ ಮುದ್ರಿಕೆಗಳನ್ನು ಹೊರತರುತ್ತಿದ್ದ ಕೊಲಂಬಿಯಾ ಕಂಪನಿಗೆ ವಿದ್ಯುತ್ ಗಿಟಾರಿನ ಮೆಕ್‌ಲಾಫ್ಲಿನ್ ಬೇಕಿತ್ತು. ಶಕ್ತಿಯ ಮುದ್ರಿಕೆಗಳು ಅದು ಬಯಸಿದಷ್ಟು ಮಾರಾಟವಾಗಲಿಲ್ಲ, ತಂಡವೂ ಚದುರಿತು. ಅವರ ಇಡೀ ಬದುಕಿನ ಅತ್ಯುತ್ತಮ ಕೆಲಸ ಈ ಮೂರು ಆಲ್ಬಮ್‌ಗಳಲ್ಲೇ ಇದೆ.

ಮೂರು ಗಿಟಾರ್, ಆಮೇಲಿನ ದಾರಿ

ಮಾರಾಟದ ದೊಡ್ಡ ಯಶಸ್ಸು ಬಂದದ್ದು 'ಫ್ರೈಡೇ ನೈಟ್ ಇನ್ ಸ್ಯಾನ್ ಫ್ರಾನ್ಸಿಸ್ಕೊ' (1981) ಆಲ್ಬಮ್ಮಿನಿಂದ. 1980ರ ಡಿಸೆಂಬರ್ 5ರಂದು ವಾರ್‌ಫೀಲ್ಡ್ ಥಿಯೇಟರಿನಲ್ಲಿ ಸ್ಪೇನಿನ ಫ್ಲಮೆಂಕೊ ವಾದಕ ಪಾಕೊ ದೆ ಲೂಸಿಯಾ ಮತ್ತು ಅಮೆರಿಕದ ಆಲ್ ಡಿ ಮಿಯೋಲಾ ಜೊತೆ ನುಡಿಸಿದ ಕಛೇರಿ ಅದು. ಹೆಡ್‌ಫೋನಿನಲ್ಲಿ ಕೇಳಿದರೆ ಪಾಕೊ ಎಡಕ್ಕೆ, ಡಿ ಮಿಯೋಲಾ ಬಲಕ್ಕೆ, ಮೆಕ್‌ಲಾಫ್ಲಿನ್ ನಡುವೆ. ಪಾಕೊ ಬರಿ ಬೆರಳಿನಲ್ಲಿ ಮೀಟಿದರೆ ಉಳಿದಿಬ್ಬರು ಪಿಕ್ ಹಿಡಿದವರು. ನುಡಿಕೆಯಲ್ಲಿ ಪೈಪೋಟಿ ಅತಿಯಾದ ಜಾಗಗಳಿವೆ, ಆದರೂ ಮೂವರು ಪರಸ್ಪರ ನಗಿಸುತ್ತ ನುಡಿಸುವ ಆ ರಾತ್ರಿಯ ಖುಷಿ ಮಾಸಿಲ್ಲ. ಸ್ಟುಡಿಯೋದಲ್ಲಿ ಮಾಡಿದ 'ಪ್ಯಾಷನ್, ಗ್ರೇಸ್ ಅಂಡ್ ಫೈರ್' (1983) ಅಷ್ಟು ಜೀವಂತವಾಗಿಲ್ಲ.

1980ರ ದಶಕದ ಸಿಂಥಸೈಜರ್ ಗಿಟಾರಿನ ಆಲ್ಬಮ್‌ಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ತ್ರಿಲೋಕ್ ಗುರ್ಟು ಜೊತೆ 1989ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಮುದ್ರಿಸಿದ ಕಛೇರಿಯಲ್ಲಿ ಮತ್ತೆ ಹಳೆಯ ಲಯದ ಆಟವಿದೆ. ಪಿಯಾನೊ ವಾದಕ ಬಿಲ್ ಎವಾನ್ಸ್ ಅವರಿಗೆ ಅರ್ಪಿಸಿದ 'ಟೈಮ್ ರಿಮೆಂಬರ್ಡ್' (1993) ಮೃದುವಾದ ಕೆಲಸ. ಕೋಲ್ಟ್ರೇನ್ ತಂಡದ ಎಲ್ವಿನ್ ಜೋನ್ಸ್ ಜೊತೆಗಿನ 'ಆಫ್ಟರ್ ದಿ ರೇನ್' (1995) ಗುರುಋಣ ತೀರಿಸುವಂಥದ್ದು.

1997ರಲ್ಲಿ ಜಾಕಿರ್, ವಿನಾಯಕರಾಮ್ ಮತ್ತು ಕೊಳಲಿನ ಹರಿಪ್ರಸಾದ್ ಚೌರಾಸಿಯಾ ಜೊತೆ ಬ್ರಿಟನ್ನಿನಲ್ಲಿ ನಡೆದ ಕಛೇರಿಗಳಿಂದ 'ರಿಮೆಂಬರ್ ಶಕ್ತಿ' ಹುಟ್ಟಿತು. ಆಮೇಲೆ ಮ್ಯಾಂಡೊಲಿನ್‌ನ ಯು. ಶ್ರೀನಿವಾಸ್, ವಿನಾಯಕರಾಮ್ ಅವರ ಮಗ ಸೆಲ್ವಗಣೇಶ್, ಗಾಯಕ ಶಂಕರ್ ಮಹಾದೇವನ್ ಬಂದರು. 'ದಿ ಬಿಲೀವರ್' (2000), 'ಸ್ಯಾಟರ್ಡೇ ನೈಟ್ ಇನ್ ಬಾಂಬೆ' (2001) ಈ ಹಂತದವು. ಶ್ರೀನಿವಾಸ್ 2014ರಲ್ಲಿ ತೀರಿಕೊಂಡರು. ಅವರ ವಿದ್ಯುತ್ ಮ್ಯಾಂಡೊಲಿನ್ ಮತ್ತು ಮೆಕ್‌ಲಾಫ್ಲಿನ್ ಅವರ ಗಿಟಾರ್ ಒಂದಕ್ಕೊಂದು ಎಷ್ಟು ಹೊಂದುತ್ತಿದ್ದವೆಂದರೆ ಆ ಜಾಗ ಮತ್ತೆ ತುಂಬಲಿಲ್ಲ.

ಚೆನ್ನೈನಲ್ಲಿ ಮುದ್ರಣವಾದ 'ಫ್ಲೋಟಿಂಗ್ ಪಾಯಿಂಟ್' (2008) ಕನ್ನಡಿಗರಿಗೆ ಹತ್ತಿರದ್ದು. ಹಾಸನ ಜಿಲ್ಲೆಯ ಸಂಗೀತಗ್ರಾಮ ರುದ್ರಪಟ್ಟಣದಲ್ಲಿ ಹುಟ್ಟಿದ ಕೊಳಲು ವಾದಕ ಶಶಾಂಕ್ ಸುಬ್ರಹ್ಮಣ್ಯಂ ಅದರಲ್ಲಿ ನುಡಿಸಿದ್ದಾರೆ. ಲೂಯಿ ಬ್ಯಾಂಕ್ಸ್, ರಂಜಿತ್ ಬಾರೋಟ್, ನೀಲಾದ್ರಿ ಕುಮಾರ್ ಸಹ ಇದ್ದಾರೆ. ಆಲ್ಬಮ್ ಗ್ರ್ಯಾಮಿಗೆ ನಾಮನಿರ್ದೇಶನಗೊಂಡಿತ್ತು. ಸೆಲ್ವಗಣೇಶ್ ಜೊತೆ, ಲಯದ ಸೊಲ್ಲುಗಳನ್ನು ಬಾಯಲ್ಲಿ ನುಡಿಯುವ ಕೊನಗೋಲನ್ನು ಕಲಿಸುವ ಡಿವಿಡಿಯೊಂದನ್ನೂ ಮೆಕ್‌ಲಾಫ್ಲಿನ್ ಹೊರತಂದಿದ್ದಾರೆ. ತಕದಿಮಿ ಬಾಯಲ್ಲಿ ಬಂದರೆ ಯಾವ ದೇಶದ ಲಯವೂ ಕೈಗೆ ಬರುತ್ತದೆಂಬುದು ಅವರ ನಂಬಿಕೆ.

ಚಿಕ್ ಕೊರಿಯಾ ಜೊತೆಗಿನ 'ಫೈವ್ ಪೀಸ್ ಬ್ಯಾಂಡ್ ಲೈವ್' ಅವರಿಗೆ ಗ್ರ್ಯಾಮಿ ತಂದಿತು. 2017ರ ಡಿಸೆಂಬರ್‌ನಲ್ಲಿ ಅದೇ ವಾರ್‌ಫೀಲ್ಡ್‌ನಲ್ಲಿ ಮಹಾವಿಷ್ಣು ಕಾಲದ ರಚನೆಗಳನ್ನು ನುಡಿಸಿದ ಕಛೇರಿ ಮರುವರ್ಷ ಆಲ್ಬಮ್ ಆಗಿ ಬಂತು. ಶಕ್ತಿಯ ಐವತ್ತನೇ ವರ್ಷದ ಪ್ರವಾಸ 2023ರ ಜನವರಿಯಲ್ಲಿ ಬೆಂಗಳೂರಿಗೂ ಬಂದಿತ್ತು. ಅದೇ ವರ್ಷದ 'ದಿಸ್ ಮೊಮೆಂಟ್'ಗೆ 2024ರ ಫೆಬ್ರವರಿಯಲ್ಲಿ ಜಾಗತಿಕ ಸಂಗೀತ ವಿಭಾಗದ ಗ್ರ್ಯಾಮಿ ಸಿಕ್ಕಿತು. ಜಾಕಿರ್ ಹುಸೇನ್ ಆ ವರ್ಷದ ಡಿಸೆಂಬರ್‌ನಲ್ಲಿ ನಿಧನರಾದರು.

ಹೊಸದಾಗಿ ಕೇಳುವ ಕನ್ನಡದ ಓದುಗರು 1975ರ ಶಕ್ತಿ ಕಛೇರಿಯಿಂದ ಶುರುಮಾಡುವುದು ಒಳ್ಳೆಯದು. ಪಿಟೀಲು, ಘಟ, ಮೃದಂಗ ಅಲ್ಲಿ ದಾರಿ ತೋರಿಸುತ್ತವೆ. ಅಲ್ಲಿಂದ ಹಿಂದಕ್ಕೆ 'ದಿ ಇನ್ನರ್ ಮೌಂಟಿಂಗ್ ಫ್ಲೇಮ್'ಗೆ, ಅದಾದ ಮೇಲೆ 'ಇನ್ ಎ ಸೈಲೆಂಟ್ ವೇ'ಗೆ ಹೋಗಬಹುದು. ಮೂರನ್ನೂ ಒಮ್ಮೆಯಾದರೂ ತಾಳ ಹಾಕಿಕೊಂಡು ಕೇಳಿ.