ಕಡಿಮೆ ದುಡ್ಡಲ್ಲಿ ಟ್ರ್ಯಾಕ್ ಡೇ ಕಾರು: ಮೊದಲು ಬ್ರೇಕ್, ಕೊನೆಗೆ ಇಂಜಿನ್

ಕೋಲಾರ: ಹಳೇ ಎಸ್ಟೀಮೋ ಸ್ವಿಫ್ಟೋ ಕೈಗೆ ಸಿಕ್ಕಿದ ತಕ್ಷಣ ಬಹಳಷ್ಟು ಹುಡುಗರು ಮೊದಲು ಹೋಗೋದು ಸೈಲೆನ್ಸರ್ ಅಂಗಡಿಗೆ. ಆಮೇಲೆ ಅಲಾಯ್ ವೀಲ್, ಸ್ಟಿಕ್ಕರ್, ಹಿಂದೆ ಒಂದು ರೆಕ್ಕೆ. ಅಷ್ಟೊತ್ತಿಗೆ ದುಡ್ಡು ಖಾಲಿ. ಸದ್ದು ಜೋರಾಗಿರುತ್ತೆ, ಗಾಡಿ ಮಾತ್ರ ಮೊದಲಿನಷ್ಟೇ ಓಡುತ್ತೆ. ಬ್ರೇಕ್ ಆಯಿಲ್ ನಾಲ್ಕು ವರ್ಷದಿಂದ ಬದಲಾಗಿರಲ್ಲ.

ಇಂಥ ಗಾಡಿ ಕೊನೆಗೆ ಓಡೋದು ಹೈವೇಯಲ್ಲಿ, ಅದೂ ರಾತ್ರಿ ಹೊತ್ತು. ಅಲ್ಲಿ ಲೈಟಿಲ್ಲದ ಟ್ರ್ಯಾಕ್ಟರ್ ಇರುತ್ತೆ, ರಸ್ತೆ ದಾಟೋ ಜನ ಇರ್ತಾರೆ. ವೇಗದ ಆಸೆ ತೀರಿಸಿಕೊಳ್ಳೋಕೆ ಬೇರೆ ಜಾಗ ಇದೆ, ಅದು ಕೋಲಾರದಿಂದ ತುಂಬಾ ದೂರವೂ ಅಲ್ಲ. ಅಲ್ಲಿಗೆ ಹೋಗೋಕೆ ಎಂಥ ಗಾಡಿ ಬೇಕು, ಅದರಲ್ಲಿ ಏನೇನು ಮಾಡಿಸಬೇಕು ಅನ್ನೋದರ ವಿವರ ಇಲ್ಲಿದೆ.

ಏನಿದು ಟ್ರ್ಯಾಕ್ ಡೇ?

ರೇಸ್ ಟ್ರ್ಯಾಕನ್ನು ಒಂದು ದಿನಕ್ಕೆ ಬಾಡಿಗೆಗೆ ಪಡೆದು, ಶುಲ್ಕ ಕಟ್ಟಿದವರಿಗೆ ಸ್ವಂತ ಗಾಡಿ ಓಡಿಸಲು ಬಿಡೋದೇ ಟ್ರ್ಯಾಕ್ ಡೇ. ಇದು ರೇಸ್ ಅಲ್ಲ. ಮೊದಲು ಬಂದವರು, ಕೊನೆಗೆ ಬಂದವರು ಅನ್ನೋ ಲೆಕ್ಕ ಇಲ್ಲ. ಚಾಲಕರನ್ನು ಅನುಭವದ ಮೇಲೆ ಗುಂಪು ಮಾಡಿ, ಸಾಮಾನ್ಯವಾಗಿ 15ರಿಂದ 20 ನಿಮಿಷದ ಸುತ್ತುಗಳಲ್ಲಿ ಬಿಡ್ತಾರೆ. ಬೆಳಗ್ಗೆ ನಿಯಮ ಹೇಳುವ ಸಭೆ ಇರುತ್ತೆ. ಹಳದಿ ಬಾವುಟ ಕಂಡರೆ ಮುಂದೆ ಅಪಾಯ ಇದೆ, ಓವರ್‌ಟೇಕ್ ಬೇಡ ಅಂತ. ಕೆಂಪು ಬಾವುಟ ಅಂದ್ರೆ ಓಟ ನಿಂತಿದೆ, ನಿಧಾನವಾಗಿ ಒಳಗೆ ಬನ್ನಿ ಅಂತ. ಯಾವ ಜಾಗದಲ್ಲಿ ಓವರ್‌ಟೇಕ್ ಮಾಡಬಹುದು ಅನ್ನೋದನ್ನೂ ಅಲ್ಲೇ ಹೇಳ್ತಾರೆ.

ನಮಗೆ ಹತ್ತಿರದ ದೊಡ್ಡ ಟ್ರ್ಯಾಕ್ ಇರೋದು ತಮಿಳುನಾಡಿನ ಶ್ರೀಪೆರಂಬದೂರು ಬಳಿಯ ಇರುಂಗಾಟ್ಟುಕೋಟೈನಲ್ಲಿ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಕಟ್ಟಿಸಿದ ಈ ಟ್ರ್ಯಾಕ್ ಶುರುವಾಗಿದ್ದು 1990ರಲ್ಲಿ. ಉದ್ದ 3.7 ಕಿ.ಮೀ., ತಿರುವು 12. ಮುಳಬಾಗಿಲು, ಪಲಮನೇರು, ಚಿತ್ತೂರು, ರಾಣಿಪೇಟೆ ದಾಟಿ ಹೋದರೆ ಕೋಲಾರದಿಂದ ಇನ್ನೂರು ಚಿಲ್ಲರೆ ಕಿಲೋಮೀಟರ್. ಇನ್ನೊಂದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ. ಇದು ಚಿಕ್ಕದು, ಸುಮಾರು 2.1 ಕಿ.ಮೀ. ಚಿಕ್ಕ ಇಂಜಿನ್ ಗಾಡಿಗೆ ಹೇಳಿ ಮಾಡಿಸಿದಂಥ ಜಾಗ.

ಈ ಸ್ಪೀಡ್‌ವೇಗೆ ಎಸ್. ಕರಿವರ್ಧನ್ ಅವರ ಹೆಸರಿಟ್ಟಿದ್ದಾರೆ. ಮಾರುತಿ 800ರ ಇಂಜಿನ್ ಇಟ್ಟುಕೊಂಡು ಫಾರ್ಮುಲಾ ಮಾರುತಿ ಅನ್ನೋ ರೇಸ್ ಕಾರು ರೂಪಿಸಿದವರು ಅವರೇ. 2005ರಲ್ಲಿ ಫಾರ್ಮುಲಾ ಒನ್‌ಗೆ ಹೋದ ಮೊದಲ ಭಾರತೀಯ ನರೇನ್ ಕಾರ್ತಿಕೇಯನ್ ಕೂಡ ಶುರುವಿನಲ್ಲಿ ಓಡಿಸಿದ್ದು ಫಾರ್ಮುಲಾ ಮಾರುತಿಯನ್ನೇ. ಓಡಿಸೋದು ಕಲಿಯೋಕೆ ದೊಡ್ಡ ಇಂಜಿನ್ ಬೇಕಿಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಯಾವ ಗಾಡಿ?

ಮೂರು ವಿಷಯ ನೋಡಬೇಕು: ತೂಕ ಕಮ್ಮಿ ಇರಬೇಕು, ಬಿಡಿಭಾಗ ತಾಲೂಕು ಮಟ್ಟದಲ್ಲೇ ಸಿಗಬೇಕು, ನಿಮ್ಮ ಮೆಕ್ಯಾನಿಕ್‌ಗೆ ಆ ಗಾಡಿ ಗೊತ್ತಿರಬೇಕು.

*ಮಾರುತಿ 800:* 796 ಸಿಸಿ, ಮೂರು ಸಿಲಿಂಡರ್. ತೂಕ 650 ಕೆ.ಜಿ. ಆಸುಪಾಸು. ವೇಗ ಕಮ್ಮಿ, ಆದ್ದರಿಂದ ತಪ್ಪು ಮಾಡಿದರೂ ಬೀಳೋ ಪೆಟ್ಟು ಕಮ್ಮಿ. ಚಿಕ್ಕ ಟ್ರ್ಯಾಕ್‌ಗೆ ಸಾಕು, ದೊಡ್ಡ ಟ್ರ್ಯಾಕ್‌ನ ನೇರ ದಾರಿಯಲ್ಲಿ ಹಿಂದೆ ಬೀಳುತ್ತೆ.

*ಹಳೇ ಝೆನ್:* 993 ಸಿಸಿ. ಹಗುರ, ತಿರುವಿನಲ್ಲಿ ಚುರುಕು. ತುಕ್ಕು ಹಿಡಿಯದ ಗಾಡಿ ಸಿಗೋದೇ ಕಷ್ಟ.

*ಎಸ್ಟೀಮ್:* 1298 ಸಿಸಿ. ಎಂಪಿಎಫ್‌ಐ ಮಾದರಿಗೆ 85 ಬಿಎಚ್‌ಪಿ, ತೂಕ 900 ಕೆ.ಜಿ.ಗಿಂತ ಕಮ್ಮಿ. ದೇಶದ ಟೂರಿಂಗ್ ಕಾರ್ ರೇಸ್‌ಗಳಲ್ಲಿ ವರ್ಷಗಟ್ಟಲೆ ಓಡಿದ ಗಾಡಿ ಇದು. ಕಾರ್ಬುರೇಟರ್ ಮಾದರಿಗಿಂತ ಎಂಪಿಎಫ್‌ಐ ಹುಡುಕೋದು ಒಳ್ಳೆಯದು.

*ಮೊದಲ ತಲೆಮಾರಿನ ಪೆಟ್ರೋಲ್ ಸ್ವಿಫ್ಟ್:* 2005ರಲ್ಲಿ ಬಂದದ್ದು, ಅದೇ 1.3 ಲೀಟರ್ ಇಂಜಿನ್. ಎಸ್ಟೀಮ್‌ಗಿಂತ ಬಾಡಿ ಗಟ್ಟಿ, ತೂಕ ಸ್ವಲ್ಪ ಜಾಸ್ತಿ. ಎಬಿಎಸ್ ಇರುವ ಗಾಡಿ ಸಿಕ್ಕರೆ ಬಿಡಬಾರದು. ದಿನವೂ ಓಡಿಸೋಕೆ, ಟ್ರ್ಯಾಕ್‌ಗೆ ಎರಡಕ್ಕೂ ಒಂದೇ ಗಾಡಿ ಅನ್ನೋರಿಗೆ ಇದೇ ಸರಿ.

*ಹಳೇ ಹೋಂಡಾ ಸಿಟಿ 1.5 ವಿಟೆಕ್:* 106 ಬಿಎಚ್‌ಪಿ. ಈ ಪಟ್ಟಿಯಲ್ಲಿ ಇಂಜಿನ್ ಇದರದ್ದೇ ಚೆನ್ನ. ಆದರೆ ಬಿಡಿಭಾಗ ದುಬಾರಿ, ಒಳ್ಳೆ ಗಾಡಿ ಇಟ್ಟುಕೊಂಡವರು ಮಾರಲ್ಲ.

ಎತ್ತರದ ಎಸ್‌ಯುವಿ ಬೇಡ. ಡೀಸೆಲ್ ಕಾರುಗಳಿಗೆ ಮುಂದಿನ ತೂಕ ಜಾಸ್ತಿ, ಮುಂದಿನ ಟೈರು ಬೇಗ ಸವೆಯುತ್ತೆ. ಗ್ಯಾಸ್ ಸಿಲಿಂಡರ್ ಕೂರಿಸಿದ ಗಾಡಿಯೂ ಬೇಡ.

ಕೊಳ್ಳುವಾಗ ಏನು ನೋಡಬೇಕು?

ಪೇಂಟ್ ನೋಡಿ ಗಾಡಿ ತಗೋಬಾರದು. ಜಾಕ್ ಹಾಕಿಸಿ, ಕೆಳಗೆ ಬಗ್ಗಿ ನೋಡಬೇಕು. ಲೋಯರ್ ಆರ್ಮ್ ಕೂರುವ ಜಾಗ, ಬಾನೆಟ್ ಎತ್ತಿದರೆ ಕಾಣುವ ಸಸ್ಪೆನ್ಷನ್ ಟವರ್, ಮ್ಯಾಟ್ ಕೆಳಗಿನ ತಗಡು ಈ ಮೂರು ಕಡೆ ತುಕ್ಕು ತಿಂದಿದ್ದರೆ ಎಷ್ಟೇ ಅಗ್ಗ ಆದರೂ ಬೇಡ. ಟಿಂಕರಿಂಗ್ ಮಾಡಿ ಪೇಸ್ಟ್ ಮೆತ್ತಿದ ಕಡೆ ಅಯಸ್ಕಾಂತ ಸರಿಯಾಗಿ ಅಂಟಲ್ಲ.

ಇಂಜಿನ್ ತಣ್ಣಗಿದ್ದಾಗಲೇ ಆಯಿಲ್ ಮುಚ್ಚಳ ತೆಗೆದು ನೋಡಬೇಕು. ಒಳಗೆ ಹಾಲಿನ ಕೆನೆ ಥರ ಇದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು. ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಅಂತಲೇ ಅರ್ಥ.

ದಾಖಲೆ ಇನ್ನೂ ಮುಖ್ಯ. ಖಾಸಗಿ ಕಾರಿನ ಆರ್‌ಸಿ ಮೊದಲ ಸಲ 15 ವರ್ಷಕ್ಕೆ ಇರುತ್ತೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಈ ಪಟ್ಟಿಯ ಬಹುಪಾಲು ಗಾಡಿಗಳು ಆ ವಯಸ್ಸು ದಾಟಿವೆ. ನವೀಕರಣ ಆಗಿದೆಯಾ, ಬಾಕಿ ದಂಡ ಇದೆಯಾ, ಸಾಲ ತೀರಿದ ಬ್ಯಾಂಕ್ ಪತ್ರ ಇದೆಯಾ ನೋಡದೆ ಮುಂಗಡ ಕೊಡಬಾರದು. ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿ ಹೆಸರು ಬದಲಾಯಿಸಿಕೊಳ್ಳಬೇಕು. ಆರ್‌ಸಿ ಮುಗಿದ ಗಾಡಿಯನ್ನು ಟ್ರ್ಯಾಕ್‌ಗೆ ಓಡಿಸಿಕೊಂಡು ಹೋಗೋ ಹಾಗಿಲ್ಲ, ಲಾರಿ ಮೇಲೆ ಹೇರಿಕೊಂಡು ಹೋಗಬೇಕು. ಆ ಬಾಡಿಗೆಯಲ್ಲಿ ಅಗ್ಗದ ಗಾಡಿಯ ಲಾಭ ಕರಗಿಹೋಗುತ್ತೆ.

ಅರ್ಧ ದುಡ್ಡು ಮಾತ್ರ ಗಾಡಿಗೆ

ಕೈಯಲ್ಲಿರೋ ದುಡ್ಡನ್ನೆಲ್ಲ ಗಾಡಿಗೇ ಸುರಿದರೆ ಅದು ಶೆಡ್ಡಲ್ಲೇ ನಿಲ್ಲುತ್ತೆ. ಉದಾಹರಣೆಗೆ ಒಟ್ಟು 2 ಲಕ್ಷ ರೂಪಾಯಿ ಇದೆ ಅಂದುಕೊಂಡರೆ ಹೀಗೆ ಹಂಚಬಹುದು:

- ಗಾಡಿ ಮತ್ತು ದಾಖಲೆ: 1,00,000
- ಸರ್ವಿಸ್, ಬ್ರೇಕ್, ಬುಷ್, ಶಾಕ್ ಅಬ್ಸಾರ್ಬರ್: 35,000
- ನಾಲ್ಕು ಟೈರು, ಅಲೈನ್‌ಮೆಂಟ್: 20,000
- ಹೆಲ್ಮೆಟ್, ಬೆಂಕಿ ಆರಿಸುವ ಸಿಲಿಂಡರ್, ಇತರೆ ಸುರಕ್ಷತೆ: 10,000
- ಮೊದಲ ಟ್ರ್ಯಾಕ್ ಡೇ ಖರ್ಚು ಮತ್ತು ಕೈಯಲ್ಲಿ ಉಳಿಕೆ: 35,000

ಕೊನೆಯ ಸಾಲನ್ನು ಯಾವ ಕಾರಣಕ್ಕೂ ಮುಟ್ಟಬಾರದು. ಏನಾದರೂ ಮುರಿದರೆ ರಿಪೇರಿಗೆ ಇರೋದು ಅದೊಂದೇ.

ಮಾಡಿಸುವ ಕ್ರಮ

*1. ಸರ್ವಿಸ್:* ಇಂಜಿನ್ ಆಯಿಲ್, ಫಿಲ್ಟರ್, ಪ್ಲಗ್, ಕೂಲೆಂಟ್, ರೇಡಿಯೇಟರ್ ಹೋಸ್ ಎಲ್ಲ ಹೊಸದು. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದು ಅಂತ ಗೊತ್ತಿಲ್ಲದಿದ್ದರೆ ಅದನ್ನೂ ಬದಲಾಯಿಸಬೇಕು. ರೇಡಿಯೇಟರ್ ಫ್ಯಾನ್ ಸರಿಯಾದ ಹೊತ್ತಿಗೆ ತಿರುಗುತ್ತಾ ನೋಡಬೇಕು. ರೇಡಿಯೇಟರ್‌ಗೆ ಬರೀ ಬೋರ್‌ವೆಲ್ ನೀರು ಹಾಕೋ ಅಭ್ಯಾಸ ಬಿಡಬೇಕು, ನಮ್ಮ ಕಡೆಯ ಗಡಸು ನೀರು ಒಳಗೆ ಉಪ್ಪು ಕಟ್ಟಿಸುತ್ತೆ.

*2. ಬ್ರೇಕ್:* ವೇಗ ಎರಡು ಪಟ್ಟಾದರೆ ಬ್ರೇಕ್ ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತೆ. 120ರಲ್ಲಿ ಓಡೋ ಗಾಡಿ ನಿಲ್ಲಿಸೋದು 60ರಲ್ಲಿ ಓಡೋ ಗಾಡಿಗಿಂತ ನಾಲ್ಕರಷ್ಟು ಕೆಲಸ, ಅಷ್ಟೂ ಬಿಸಿಯಾಗಿ ಡಿಸ್ಕಿಗೆ ಹೋಗುತ್ತೆ. ಟ್ರ್ಯಾಕ್‌ನಲ್ಲಿ ಇದು ಸುತ್ತಿಗೆ ನಾಲ್ಕೈದು ಸಲ.

ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವ ಹೀರಿಕೊಳ್ಳುತ್ತೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನೋದು ಮಾನದಂಡ. ತೇವ ಸೇರಿದ ಮೇಲೆ ಆ ಮಟ್ಟ 155ಕ್ಕೆ ಇಳಿಯುತ್ತೆ. ಆಯಿಲ್ ಕುದ್ದರೆ ಪೈಪಲ್ಲಿ ಗುಳ್ಳೆ, ಪೆಡಲ್ ನೆಲಕ್ಕೆ ಹೋಗುತ್ತೆ, ಗಾಡಿ ನಿಲ್ಲಲ್ಲ. ಹೊಸ ಡಾಟ್ 4 ಆಯಿಲ್ ಹಾಕಿಸಿ ಗಾಳಿ ತೆಗೆಸೋದಕ್ಕೆ ಆಗೋ ಖರ್ಚು ಒಂದು ಸೈಲೆನ್ಸರ್ ಬೆಲೆಯ ಹತ್ತಿರಕ್ಕೂ ಬರಲ್ಲ. ಜೊತೆಗೆ ಒಳ್ಳೆ ಪ್ಯಾಡ್, ಸವೆದಿದ್ದರೆ ಡಿಸ್ಕ್, ಬಿರುಕು ಬಿಟ್ಟ ರಬ್ಬರ್ ಹೋಸ್ ಬದಲಿಸಬೇಕು. ಹೊಸ ಪ್ಯಾಡನ್ನು ರಸ್ತೆಯಲ್ಲಿ ಹದವಾಗಿ ಒತ್ತಿ ಒತ್ತಿ ಪಳಗಿಸಿದ ಮೇಲೇ ಟ್ರ್ಯಾಕ್‌ಗೆ ಹೋಗಬೇಕು.

*3. ಟೈರು:* ಪಕ್ಕದಲ್ಲಿ ನಾಲ್ಕಂಕಿ ಸಂಖ್ಯೆ ಇರುತ್ತೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗುಂಡಿ ಎಷ್ಟೇ ಆಳ ಇದ್ದರೂ ಹಳೇ ಟೈರು ಗಟ್ಟಿಯಾಗಿ ಹಿಡಿತ ಬಿಡುತ್ತೆ. ರೀಸೋಲ್ ಟೈರು ಬೇಡವೇ ಬೇಡ. ನಾಲ್ಕೂ ಒಂದೇ ಕಂಪನಿ, ಒಂದೇ ಅಳತೆ ಇರಬೇಕು. ಓಡಿದಂತೆ ಗಾಳಿಯ ಒತ್ತಡ ಏರುತ್ತೆ, ಆದ್ದರಿಂದ ಪ್ರತಿ ಸುತ್ತು ಮುಗಿದ ಮೇಲೂ ಗೇಜ್ ಹಿಡಿದು ಬರೆದಿಟ್ಟುಕೊಳ್ಳಬೇಕು.

*4. ಕೂರುವ ಜಾಗ:* ಬಕೆಟ್ ಸೀಟು, ನಾಲ್ಕು ಪಟ್ಟಿಯ ಬೆಲ್ಟು ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ. ರೋಲ್ ಬಾರ್ ಇಲ್ಲದ ಗಾಡಿಗೆ ಆ ಬೆಲ್ಟು ಅಪಾಯ: ಗಾಡಿ ಪಲ್ಟಿಯಾಗಿ ಮೇಲ್ಛಾವಣಿ ಕುಸಿದರೆ ಮೈ ಬಗ್ಗೋಕೆ ಆಗಲ್ಲ. ರೋಲ್ ಕೇಜ್ ಹಾಕಿದ ಗಾಡಿಯನ್ನು ಹೆಲ್ಮೆಟ್ ಇಲ್ಲದೆ ಪೇಟೆಯಲ್ಲಿ ಓಡಿಸಿದರೆ ಸಣ್ಣ ಡಿಕ್ಕಿಯಲ್ಲೂ ತಲೆ ಕಬ್ಬಿಣಕ್ಕೆ ಹೊಡೆಯುತ್ತೆ. ಮೊದಲ ವರ್ಷಕ್ಕೆ ಕಂಪನಿ ಸೀಟು, ಕಂಪನಿ ಬೆಲ್ಟೇ ಸಾಕು, ಬೆಲ್ಟು ಸರಿಯಾಗಿ ಲಾಕ್ ಆಗಬೇಕು ಅಷ್ಟೆ. ಹೆಲ್ಮೆಟ್ ಪೂರ್ತಿ ಮುಖ ಮುಚ್ಚುವಂಥದ್ದಿರಲಿ, ಯಾವ ಗುರುತಿನದು ನಡೆಯುತ್ತೆ ಅಂತ ಆಯೋಜಕರನ್ನೇ ಕೇಳಬೇಕು.

*5. ಸಸ್ಪೆನ್ಷನ್:* ಸವೆದ ಬುಷ್, ಸೋರುವ ಶಾಕ್ ಅಬ್ಸಾರ್ಬರ್ ಬದಲಾಯಿಸಿದರೆ ಹಳೇ ಗಾಡಿ ಅರ್ಧ ಹೊಸದಾಗುತ್ತೆ. ಸ್ಪ್ರಿಂಗ್ ಕತ್ತರಿಸಿ ಗಾಡಿ ತಗ್ಗಿಸೋದು ಶುದ್ಧ ಹುಚ್ಚುತನ.

*6. ಇಂಜಿನ್:* ಮೂರು ನಾಲ್ಕು ಟ್ರ್ಯಾಕ್ ಡೇ ಆದ ಮೇಲೆ ಯೋಚಿಸಿದರೆ ಸಾಕು. ಅಷ್ಟೊತ್ತಿಗೆ ಕಮ್ಮಿ ಇದ್ದದ್ದು ಇಂಜಿನ್ನಾ, ಓಡಿಸೋರ ಕೈಯಾ ಅಂತ ಗೊತ್ತಾಗಿರುತ್ತೆ.

ಕಾನೂನು, ವಿಮೆ

ಆರ್‌ಸಿಯಲ್ಲಿರೋ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸೋದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆ ಹಾಕುತ್ತೆ. ಸಾರ್ವಜನಿಕ ರಸ್ತೆಯಲ್ಲಿ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ರೇಸ್ ಮಾಡಿದರೆ 189ನೇ ಸೆಕ್ಷನ್ ಪ್ರಕಾರ ಜೈಲು, ದಂಡ ಎರಡಕ್ಕೂ ಅವಕಾಶ ಇದೆ. ಹೊಸ ಚೆನ್ನೈ ಎಕ್ಸ್‌ಪ್ರೆಸ್‌ವೇ ಎಷ್ಟೇ ಖಾಲಿ ಕಂಡರೂ ಅದೂ ಸಾರ್ವಜನಿಕ ರಸ್ತೆಯೇ.

ಸಾಮಾನ್ಯ ಕಾರು ವಿಮೆ ರೇಸ್, ವೇಗ ಪರೀಕ್ಷೆಗೆ ಅನ್ವಯಿಸಲ್ಲ. ಟ್ರ್ಯಾಕ್‌ನಲ್ಲಿ ಗೋಡೆಗೆ ಹೊಡೆದರೆ ಖರ್ಚು ಪೂರ್ತಿ ಸ್ವಂತದ್ದು. ಹೋದರೂ ಮನೆ ನಡೆಯುತ್ತೆ ಅನ್ನೋಂಥ ಗಾಡಿಯನ್ನೇ ಟ್ರ್ಯಾಕ್‌ಗೆ ತಗೊಂಡು ಹೋಗಬೇಕು. ಅಪ್ಪನ ಹೆಸರಲ್ಲಿರೋ, ಇನ್ನೂ ಕಂತು ಕಟ್ಟುತ್ತಿರೋ ಗಾಡಿ ಅದಲ್ಲ.

ಆ ದಿನ, ವಾಪಸ್ ದಾರಿ

ಗಾಡಿಯಿಂದ ಮ್ಯಾಟ್, ಬಾಟಲಿ, ಜಾಕ್, ಸ್ಟೆಪ್ನಿ ಎಲ್ಲ ಇಳಿಸಬೇಕು. ವೀಲ್ ನಟ್ ಪ್ರತಿ ಸುತ್ತಿಗೂ ಪರೀಕ್ಷಿಸಬೇಕು, ಆಯಿಲ್ ಮೇಲಿನ ಗೆರೆ ಹತ್ತಿರ ಇರಬೇಕು. ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದ ಹಾಗೆ ನಿಧಾನಕ್ಕೆ ಓಡಿಸಿ ಗಾಡಿ ತಣಿಸಬೇಕು. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬಾರದು, ಗೇರಲ್ಲಿ ಹಾಕಿ ಚಕ್ರಕ್ಕೆ ಕಲ್ಲು ಕೊಟ್ಟರೆ ಸಾಕು. ಬಿಸಿ ಬ್ರೇಕ್ ಹಿಡಿದುಕೊಂಡು ಬಿಡುತ್ತೆ.

ಕೋಲಾರದವರಿಗೆ ದಾರಿಯೂ ಒಂದು ಪರೀಕ್ಷೆ. ಹೋಗುವಾಗ ಪಲಮನೇರು ದಾಟಿ ಮೊಗಿಲಿ ಘಾಟ್ ಇಳಿಯಬೇಕು, ಅಲ್ಲಿ ಬ್ರೇಕ್ ಗಟ್ಟಿ ಇರಬೇಕು. ಬರುವಾಗ ಇಡೀ ದಿನ ಕಾದ ಇಂಜಿನ್ ಅದೇ ಘಾಟ್ ಹತ್ತಬೇಕು, ಅಲ್ಲಿ ರೇಡಿಯೇಟರ್ ಚೆನ್ನಾಗಿರಬೇಕು. ಹೊರಡೋ ಮೊದಲು ಪ್ಯಾಡ್ ಎಷ್ಟು ಉಳಿದಿದೆ, ಟೈರಿನ ಅಂಚು ಹೇಗಿದೆ, ಪೆಡಲ್ ಮೆತ್ತಗಾಗಿದೆಯಾ ಅಂತ ನೋಡಲೇಬೇಕು. ಪೆಡಲ್ ಮೆತ್ತಗಿದ್ದರೆ ಅಲ್ಲೇ ಗಾಳಿ ತೆಗೆಸಬೇಕು, ಇಲ್ಲವೇ ರಾತ್ರಿ ಅಲ್ಲೇ ಉಳಿದು ಬೆಳಗ್ಗೆ ಮೆಕ್ಯಾನಿಕ್ ಹುಡುಕಬೇಕು. ಸುಸ್ತಾಗಿದ್ದರೂ ಅಷ್ಟೇ, ಮಲಗಿ ಎದ್ದು ಹೊರಡೋದು ಮೇಲು.